ಸಾವಿಗೆ ಮುಂಚಿನ ಸೂತಕ

“ಮಧ್ಯದಲ್ಲಿ ನಡೆಯಬೇಡಿ,” ಎಂದರು ಹಯಾಶಿ. “ನಡುದಾರಿ ದೇವರದು. ನಾವು ಅಂಚು ಹಿಡಿದು ಹೋಗಬೇಕು.”

ನಾನು ಅಂಚಿಗೆ ಸರಿದೆ. ದೇವರ ದಾರಿಯ ತುಂಬ ಪ್ರವಾಸಿಗರು ಸೆಲ್ಫಿ ತೆಗೆದುಕೊಳ್ಳುತ್ತ ನಿಂತಿದ್ದರು. ಜುಲೈ ತಿಂಗಳ ಕ್ಯೋಟೊ ಬೇಯುತ್ತಿತ್ತು. ಮೆಲ್ಬರ್ನ್‌ನ ಚಳಿಗೆಂದು ತೊಟ್ಟು ಹೊರಟ ಜಾಕೆಟ್ಟು ತೋಳಿನ ಮೇಲೆ ಭಾರವಾಗಿ ಬಿದ್ದಿತ್ತು.

ಇದು ಫುಶಿಮಿ ಇನಾರಿ, ಶಿಂತೋ ಧರ್ಮದವರ ಪುರಾತನ ದೇವಸ್ಥಾನ. ಬೆಟ್ಟದ ಬುಡದಿಂದ ತುದಿಯವರೆಗೆ ಕೆಂಪು ಕಮಾನುಗಳ ಸಾಲು. ಆ ಕಮಾನಿಗೆ ಇಲ್ಲಿ ಟೋರಿ ಎನ್ನುತ್ತಾರೆ. ನಾನು ದೇವರಿಗೆಂದು ಬಂದವಳಲ್ಲ. ಅಭಿನಂದನ್ ಎಂಬ ಮನುಷ್ಯ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಇಲ್ಲಿ ಏನು ಮಾಡುತ್ತಿದ್ದ ಎಂದು ತಿಳಿಯಲು ಬಂದಿದ್ದೆ.

ಅದೇ ಬೆಳಿಗ್ಗೆ ಸಿಡ್ನಿಯ ಎಪ್ಪಿಂಗ್‌ನಲ್ಲಿ ಅವನ ಅಣ್ಣ ಬದರಿನಾಥ, ತಾವಿದ್ದ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿಯುವ ಫೈರ್ ಎಕ್ಸಿಟ್ ಮೆಟ್ಟಿಲಿನಿಂದ ಉರುಳಿ ಬಿದ್ದಿದ್ದರು. ಯಾರೂ ಓಡಾಡದ ಮೆಟ್ಟಿಲು ಅದು. ಕ್ಲೀನರ್ ಕಣ್ಣಿಗೆ ಬಿದ್ದದ್ದು ಸಂಜೆ. ಅಷ್ಟು ಹೊತ್ತಿಗೆ ಜೀವ ಹೋಗಿತ್ತು.

ಬೆಳಿಗ್ಗೆ ಆ ಕಡೆಯಿಂದ ಗಂಡಸು ಹೆಂಗಸು ಜಗಳವಾಡುವ ದನಿ ಕೇಳಿಸಿತೆಂದು ಪಕ್ಕದ ಮನೆಯವರು ಪೊಲೀಸರಿಗೆ ಹೇಳಿದ್ದರು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹೆಂಡತಿ ಅರುಂಧತಿ ಆ ದಿನ ರಜೆಯ ಮೇಲೆ ಮನೆಯಲ್ಲೇ ಇದ್ದರು. ‘ಅವರು ಕೆಲಸಕ್ಕೆ ಹೋದರು, ಆಮೇಲಿನದು ನನಗೆ ಗೊತ್ತಿಲ್ಲ’ ಎಂಬುದನ್ನು ಬಿಟ್ಟರೆ ಅವರ ಬಾಯಿಂದ ಇನ್ನೊಂದು ಮಾತು ಬಂದಿರಲಿಲ್ಲ. ಬರುವ ಸೋಮವಾರ ಪೊಲೀಸರು ಮತ್ತೆ ಕರೆದಿದ್ದರು. ಈ ಸಲ ಕೊಲೆಯ ಆರೋಪ ಹೊರಿಸಿ ಒಳಗೇ ಇರಿಸಿಕೊಳ್ಳುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು.

ನನಗೆ ಈ ಕೆಲಸ ಒಪ್ಪಿಸಿದವಳು ಅವರ ಮಗಳು ಅನನ್ಯಾ, ಮೆಲ್ಬರ್ನ್‌ನಲ್ಲಿ ಓದುವ ಹುಡುಗಿ. ಬಾಕ್ಸ್ ಹಿಲ್‌ನ ನನ್ನ ಪತ್ತೇದಾರಿ ಆಫೀಸಿಗೆ ಬಂದು “ಪ್ಲೀಸ್ ಸೇವ್ ಮೈ ಮಮ್, ಆಂಟಿ” ಎಂದು ಅತ್ತಿದ್ದಳು. ಜಪಾನಿನ ಮಾತೆತ್ತಿದಾಗ ಮಾತ್ರ “ಚಿಕ್ಕಪ್ಪನ್ನ ಬಿಡಿ, ಅದು ಟೈಮ್ ವೇಸ್ಟ್” ಎಂದಿದ್ದಳು. ಒಂದು ಕಡೆ ಹೋಗುವುದು ವೇಸ್ಟ್ ಎಂದರೆ ನನಗೆ ಅಲ್ಲಿಗೇ ಹೋಗಬೇಕೆನ್ನಿಸುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು.

ಅಣ್ಣ ತಮ್ಮಂದಿರು ಮಾತು ಬಿಟ್ಟು ವರ್ಷವಾಗಿತ್ತು. ಅಭಿನಂದನ್ ಮೆಲ್ಬರ್ನ್ ಕನ್ನಡಿಗರ ಗುಂಪಿನೊಂದಿಗೆ ಜಪಾನ್ ಪ್ರವಾಸದಲ್ಲಿದ್ದದ್ದು ನಿಜ. ಆದರೆ ಆ ಗುಂಪು ಈ ದೇವಸ್ಥಾನದಲ್ಲಿ ತೆಗೆದ ರಾಶಿ ಫೋಟೊಗಳಲ್ಲಿ ಒಂದರಲ್ಲೂ ಅವನಿಲ್ಲ. ಅರ್ಧ ದಿನದಲ್ಲಿ ಸಿಡ್ನಿಗೆ ಹೋಗಿ ಬರಲು ಅವನೇನು ಹನುಮಂತನಲ್ಲ. ಆದರೂ ಆ ಅರ್ಧ ದಿನ ಅವನು ಎಲ್ಲಿದ್ದ, ಯಾರೊಡನೆ ಮಾತಾಡಿದ ಎಂಬುದು ನನಗೆ ಬೇಕಿತ್ತು.

ನೀರಿನ ತೊಟ್ಟಿಯ ಬಳಿ ಹಯಾಶಿ ನಿಂತರು. ಐವತ್ತರ ಆಸುಪಾಸಿನ ಹೆಂಗಸು, ಆ ಗುಂಪಿಗೆ ಗೈಡ್ ಆಗಿದ್ದವರು. ಒಳ್ಳೆಯ ಇಂಗ್ಲಿಷ್ ಮಾತಾಡುತ್ತಿದ್ದರು. ಮೊದಲು ಎಡಗೈ, ಆಮೇಲೆ ಬಲಗೈ, ಕೊನೆಗೆ ಅಂಗೈಯಲ್ಲಿ ನೀರು ಹಿಡಿದು ಬಾಯಿ ಮುಕ್ಕಳಿಸುವುದು. ಸೌಟಿಗೆ ಬಾಯಿ ತಾಕಬಾರದು. ನಮ್ಮ ಕಡೆಯ ಅಜ್ಜಿಯರು ಇದನ್ನು ನೋಡಿದ್ದರೆ ತಪ್ಪು ಹುಡುಕಲು ಅವರಿಗೂ ಏನೂ ಸಿಗುತ್ತಿರಲಿಲ್ಲ.

ಅಷ್ಟರಲ್ಲಿ ಫೋನ್ ಬಂತು. ಅರುಂಧತಿಯವರ ವಕೀಲ ವಿರುಪಾಕ್ಷ, ಹುಬ್ಬಳ್ಳಿಯವರು.

“ಪೋಸ್ಟ್‌ಮಾರ್ಟಮ್ ವರದಿ ಪೂರ್ತಿ ಬಂತ್ರಿ ಶೀತಲ ಅವರ. ಸುದ್ದಿ ಚಲೋ ಇಲ್ಲ.”

“ಹೇಳ್ರಿ.”

“ಬಿದ್ದದ್ದು ಮುಂಜಾನೆ. ಸತ್ತದ್ದು ಮಧ್ಯಾಹ್ನ ದಾಟಿದಮ್ಯಾಲ. ಅಲ್ಲೀತನಕ ಜೀವ ಇತ್ತಂತ. ಯಾರರ ಆಂಬುಲೆನ್ಸ್ ಕರದಿದ್ರ ಉಳೀತಿದ್ರು ಅಂತಾರ ಡಾಕ್ಟರು.”

“ಹೇಣ್ತಿ ಮ್ಯಾಲ ಮನ್ಯಾಗ ಇದ್ರು.”

“ಅದ ಅಲ್ರಿ ತ್ರಾಸು. ದೂಡಿ, ಸಾಯ್ಲಿ ಅಂತ ಬಿಟ್ಟು ಹೋಗ್ಯಾರ ಅಂತಾರ ಪೊಲೀಸರು. ನಾ ಮನಿಯವರಿಗೆ ಇನ್ನೂ ಹೇಳಿಲ್ಲ. ರವಿವಾರ ಮಾಸಿಕ ಐತಿ, ಅದು ಮುಗೀಲಿ.”

ಫೋನ್ ಕಿಸೆಗೆ ಹಾಕಿಕೊಂಡೆ. ಎರಡು ಕಂಚಿನ ನರಿಗಳು ಹೆಬ್ಬಾಗಿಲ ಎರಡೂ ಕಡೆ ಕೂತು ನನ್ನನ್ನೇ ನೋಡುತ್ತಿದ್ದವು. ಒಂದರ ಬಾಯಲ್ಲಿ ಬೀಗದ ಕೈ ಇತ್ತು. ಇನಾರಿ ದೇವರ ದೂತರು ಎಂದರು ಹಯಾಶಿ.

ಗರ್ಭಗುಡಿಯ ಮುಂದೆ ಅವರು ಎರಡು ಸಲ ಬಗ್ಗಿ, ಎರಡು ಸಲ ಚಪ್ಪಾಳೆ ತಟ್ಟಿ, ಕಣ್ಣು ಮುಚ್ಚಿ ನಿಂತು, ಮತ್ತೊಂದು ಸಲ ಬಗ್ಗಿದರು. ಅಲ್ಲಿಂದ ಹಿಂದಕ್ಕೆ ಹೋದರೆ ಕೆಂಪು ಕಮಾನುಗಳ ಸುರಂಗ. ಅದು ಮುಗಿಯುವಲ್ಲಿ ದೀಪದ ಕಂಬದ ಮೇಲೆ ಒಂದು ಗುಂಡುಕಲ್ಲು. ಏನಾದರೂ ಬೇಡಿಕೊಂಡು ಎತ್ತಬೇಕು. ಅಂದುಕೊಂಡದ್ದಕ್ಕಿಂತ ಹಗುರವಾಗಿದ್ದರೆ ಬೇಡಿಕೆ ಈಡೇರುತ್ತದಂತೆ. ಅರುಂಧತಿಯವರ ಹೆಸರು ಹೇಳಿಕೊಂಡು ಎತ್ತಿದೆ. ಭಾರವಾಗಿತ್ತು.

“ಇದನ್ನು ಅಭಿನಂದನ್ ಎತ್ತಿದರಾ?” ಎಂದು ಕೇಳಿದೆ.

“ಅವರು ಒಳಗೇ ಬರಲಿಲ್ಲವಲ್ಲ. ನಾನೂ ಬರಲಿಲ್ಲ.”

“ಗೈಡ್ ನೀವೇ ಅಲ್ಲವೆ?”

“ಆಗ ನನ್ನ ತಾಯಿ ತೀರಿಕೊಂಡು ಸ್ವಲ್ಪ ದಿನವಾಗಿತ್ತು. ಮನೆಯಲ್ಲಿ ಸಾವಾದರೆ ಐವತ್ತು ದಿನ ನಾವು ಟೋರಿ ದಾಟುವುದಿಲ್ಲ. ಗುಂಪನ್ನು ಇನ್ನೊಬ್ಬ ಗೈಡ್ ಜೊತೆ ಕಳಿಸಿ ಹೊರಗೆ ನಿಂತೆ. ಅವರೂ ನನ್ನ ಪಕ್ಕದಲ್ಲಿ ನಿಂತರು. ಎಲ್ಲರೂ ವಾಪಸು ಬರುವವರೆಗೆ ಅಲ್ಲಿಂದ ಕದಲಲಿಲ್ಲ.”

“ಏಕೆ ಎಂದು ಕೇಳಿದಿರಾ?”

“ನನ್ನ ಕಾರಣ ಹೇಳಿದೆ. ‘ನಮ್ಮಲ್ಲೂ ಹೀಗೆಯೇ’ ಎಂದರು. ‘ನಿಮ್ಮ ಮನೆಯಲ್ಲೂ ಯಾರಾದರೂ ತೀರಿಕೊಂಡರಾ?’ ಎಂದೆ. ಅವರ ಕಣ್ಣಲ್ಲಿ ನೀರು ಬಂತು. ನಾನು ಬಗ್ಗಿ ಸಂತಾಪ ಹೇಳಿದೆ. ಅವರೂ ಬಗ್ಗಿದರು.” ಹಯಾಶಿ ನನ್ನ ಮುಖ ನೋಡಿದರು. “ತಪ್ಪು ಮಾಡಿದೆನೇ?”

ನಾನು ಬೆಳಗಾವಿಯ ಲಿಂಗಾಯತರ ಮನೆಯವಳು. ನಮ್ಮಲ್ಲಿ ಸೂತಕವಿಲ್ಲ. ಅಜ್ಜ ಹೋದ ದಿನವೂ ಮನೆಯಲ್ಲಿ ಲಿಂಗಪೂಜೆ ನಿಂತಿರಲಿಲ್ಲ. ಅದಕ್ಕೇ ಇರಬೇಕು, ಅಭಿನಂದನ್‌ನಂಥ, ಮೈಸೂರಿನ ಮಡಿವಂತರ ಮನೆಯ ಗಂಡಸು ದೇವರ ಬಾಗಿಲಲ್ಲಿ ಹೊರಗುಳಿದರೆ ಅದಕ್ಕೇನು ಅರ್ಥವೆಂದು ಇಷ್ಟು ದಿನ ನನಗೆ ಹೊಳೆದಿರಲಿಲ್ಲ. ಯಾವ ಗುಟ್ಟಿನ ಕೆಲಸಕ್ಕೆ ಹೋಗಿದ್ದನೋ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಫೋಟೊ ಹುಡುಕಿದ್ದೆ. ಅವನು ಎಲ್ಲಿಗೂ ಹೋಗಿರಲಿಲ್ಲ.

ಹೊರಗೆ ಬಂದು, ರೈಲ್ವೆ ಸ್ಟೇಷನ್ನಿನ ಎದುರು, ಮೊದಲ ಟೋರಿಯ ಆಚೆ ಅವನು ನಿಂತಿದ್ದ ಜಾಗದಲ್ಲಿ ನಿಂತೆ. ಪಕ್ಕದ ಬೀದಿಯಲ್ಲಿ ನರಿಮುಖದ ಬಿಸ್ಕತ್ತು ಸುಡುತ್ತಿದ್ದರು. ಕರಿದ ತೋಫುವಿನ ಚೀಲದಲ್ಲಿ ಹುಳಿ ಅನ್ನ ತುಂಬಿ ಮಾರುತ್ತಿದ್ದರು, ನಮ್ಮ ಪುಳಿಯೋಗರೆಯ ದೂರದ ನೆಂಟ. ಎರಡು ತಿಂದೆ. ಹಸಿದ ಹೊಟ್ಟೆಯಲ್ಲಿ ನನಗೆ ಲೆಕ್ಕ ಹತ್ತುವುದಿಲ್ಲ.

ಲೆಕ್ಕ ಇಷ್ಟು. ಬದರಿನಾಥರು ತೀರಿಕೊಂಡದ್ದು ಮಧ್ಯಾಹ್ನದ ಮೇಲೆ. ಸುದ್ದಿ ಜಪಾನಿಗೆ ಮುಟ್ಟಿದ್ದು ಸಂಜೆ. ತಮ್ಮ ಸೂತಕ ಹಿಡಿದದ್ದು ಬೆಳಿಗ್ಗೆ. ಅಣ್ಣ ಇನ್ನೂ ಉಸಿರಾಡುತ್ತಿದ್ದಾಗಲೇ ತಮ್ಮನಿಗೆ ಸಾವು ಗೊತ್ತಿತ್ತು.

*

ಮೆಲ್ಬರ್ನ್ ಹೊರವಲಯದ ಪಾಯಿಂಟ್ ಕುಕ್‌ನ ಮಹಾಶ್ವೇತಾ ಆ ಪ್ರವಾಸದ ಮುಂದಾಳು. ಶನಿವಾರ ಅವರ ಅಡುಗೆಮನೆಯಲ್ಲಿ ಕೂತು ಕಾಫಿ ಮುಗಿಸುವಷ್ಟರಲ್ಲಿ ನನಗೆ ಬೇಕಾದ್ದೂ ಬೇಡದ್ದೂ ಎಲ್ಲ ಸಿಕ್ಕಿತು.

“ಫುಶಿಮಿಗೆ ಹೋಗೂ ಹಿಂದಿನ ದಿನ ಇನ್ನೊಂದು ಶಿಂತೋ ದೇವಸ್ಥಾನಕ್ಕ ಹೋಗಿದ್ರಲ್ಲ, ಅಲ್ಲಿ ಅಭಿನಂದನ್ ಒಳಗ ಬಂದಿದ್ರಾ?”

“ಬಂದಿದ್ರಾ ಅಂದ್ರೆ! ನೋಡಿ ವಿಡಿಯೋ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೀತಿರೋದೇ ಅವರು. ಆಮೇಲೆ ಒಂದು ಪ್ರದಕ್ಷಿಣೆ ಹಾಕೋಣ ಅಂತ ಹೊರಟುಬಿಟ್ರು. ಹಿಂದೆ ದಾರಿನೇ ಇಲ್ಲ! ಅಲ್ಲಿಯವರು ಬೇಲಿ ಹತ್ರದಿಂದ ವಾಪಸ್ ಕರ್ಕೊಂಡು ಬಂದ್ರು.”

“ಫುಶಿಮಿ ದಿನ?”

“ಅವತ್ತು ತಿಂಡಿಗೆ ಕೂತಿದ್ದೋರು ಫೋನ್ ಬಂತು ಅಂತ ಎದ್ದು ಹೋದ್ರು. ವಾಪಸ್ ಬಂದಾಗ ತಲೆಯೆಲ್ಲ ಒದ್ದೆ. ಆಗ್ಲೇ ಸ್ನಾನ ಆಗಿತ್ತಲ್ಲ ಅಂದೆ. ಸೆಕೆ ಅಂದ್ರು. ಏಪ್ರಿಲ್‌ನಲ್ಲಿ ಎಂಥ ಸೆಕೆ ರೀ, ನಾವೆಲ್ಲ ಸ್ವೆಟರ್ ಹಾಕ್ಕೊಂಡಿದ್ವಿ.”

“ಸಂಜಿಗೆ ಅಣ್ಣನ ಸುದ್ದಿ ಬಂದಾಗ?”

“ಪಾಪ, ಗೋಳೋ ಅಂತ ಅತ್ತುಬಿಟ್ರು.” ಅವರು ಲೋಟ ಕೆಳಗಿಟ್ಟರು. “ಸ್ನಾನ ಮಾತ್ರ ಮಾಡ್ಲಿಲ್ಲ ನೋಡಿ. ನಾವೇ ನೀರು ಬಿಟ್ಟು ಟವೆಲ್ ಇಟ್ವಿ. ಬೇಡ ಅಂದ್ರು. ಅಷ್ಟು ಆಚಾರವಂತರು, ಯಾಕೋ.”

ಯಾಕೆಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಅವರಿಗೆ ಹೇಳಿದರೆ ಮೆಲ್ಬರ್ನ್‌ನ ಎಲ್ಲ ಸಬರ್ಬ್‌ಗಳಿಗೂ ಹೇಳಿದ ಹಾಗೆ.

*

ಭಾನುವಾರ ಎಪ್ಪಿಂಗ್‌ನಲ್ಲಿ ಬದರಿನಾಥರ ಮಾಸಿಕ. ಗಂಡುಮಕ್ಕಳಿಲ್ಲದ್ದರಿಂದ ಕರ್ಮ ಮಾಡುತ್ತಿದ್ದವನು ತಮ್ಮನೇ.

ಅಪಾರ್ಟ್‌ಮೆಂಟಿನ ಹಿಂದಿನ ಪಾರ್ಕಿನಲ್ಲಿ ಅಭಿನಂದನ್ ಪಂಚೆಯ ಮೇಲೆ ಪಫರ್ ಜಾಕೆಟ್ ಹಾಕಿಕೊಂಡು ನಿಂತಿದ್ದ. ಹುಲ್ಲಿನ ಮೇಲೆ ಬಾಳೆಲೆ, ಎಲೆಯ ಮೇಲೆ ಪಿಂಡ. ಕಾಗೆ ಮುಟ್ಟಿದ ಮೇಲೆ ಮನೆಯವರ ಊಟ.

ಸಿಡ್ನಿಯಲ್ಲಿ ಕಾಗೆಗೆ ಬರವಿಲ್ಲ. ಆದರೆ ಕಾಗೆಗಿಂತ ಮೊದಲು ಐಬಿಸ್ ಬರುತ್ತದೆ, ಉದ್ದ ಕೊಕ್ಕಿನಿಂದ ಕಸದ ತೊಟ್ಟಿ ಕೆದಕಿ ಬದುಕುವ ಹಕ್ಕಿ. ಅಂಥದ್ದೊಂದನ್ನು ಅವನು ಕಡ್ಡಿ ಹಿಡಿದು ಓಡಿಸುತ್ತಿದ್ದ. ಎರಡು ಕಾಗೆಗಳು ಮರದ ಮೇಲೆ ಕೂತು ನೋಡುತ್ತಿದ್ದವು.

ಎಲೆ ಬಿಟ್ಟು ಅವನು ಎಲ್ಲಿಗೂ ಹೋಗುವಂತಿರಲಿಲ್ಲ. ಅದಕ್ಕೇ ಈ ಹೊತ್ತನ್ನು ಆರಿಸಿಕೊಂಡಿದ್ದೆ. ನನಗೆ ಕರುಣೆ ಸಾಲದು ಎಂದು ನನ್ನ ತಂಗಿ ಹೇಳುತ್ತಾಳೆ. ಇರಬಹುದು.

“ಇವತ್ತು ಬೇಡ ಮೇಡಂ,” ಎಂದ. “ಅಣ್ಣನ ಕಾರ್ಯ ನಡೀತಿದೆ.”

“ನಾಳೆ ನಿಮ್ಮ ಅತ್ತಿಗೇನ ಪೊಲೀಸರು ಕರೆದಾರ. ಇವತ್ತ ಆಗಬೇಕ್ರಿ.”

“ಜಪಾನ್‌ಗೆ ಹೋಗಿದ್ರಂತೆ. ಏನಾದ್ರೂ ಸಿಕ್ತಾ?”

“ಫುಶಿಮಿಯೊಳಗ ನೀವು ಟೋರಿ ದಾಟಲಿಲ್ಲ. ಯಾಕ?”

“ಅದು ಅವರ ದೇವರು. ನನಗೇನು?”

“ಹಿಂದಿನ ದಿನ ಅವರ ದೇವರಿಗೇ ಪ್ರದಕ್ಷಿಣಿ ಹಾಕಾಕ ಹೊಂಟಿದ್ರಿ. ವಿಡಿಯೋ ನೋಡೀನಿ.”

“ಹೊಟ್ಟೆ ಕೆಟ್ಟಿತ್ತು.”

“ಹೊಟ್ಟಿ ಕೆಟ್ರ ತಲಿಮ್ಯಾಲ ನೀರು ಹಾಕ್ಕೋತಾರೇನ್ರಿ?”

ಅವನು ಐಬಿಸ್ ಕಡೆ ತಿರುಗಿದ. ಅದು ಆಗಲೇ ದೂರ ಹೋಗಿತ್ತು. ಆದರೂ ಕಡ್ಡಿ ಬೀಸಿದ.

“ಬೆಳಿಗ್ಗೆ ಫೋನ್ ಬಂತು,” ಎಂದೆ. “ಎದ್ದು ಹೋಗಿ ತಲೆಸ್ನಾನ ಮಾಡಿದ್ರಿ. ದೇವರ ಬಾಗಿಲ ಹೊರಗ ನಿಂತ್ರಿ. ಗೈಡ್ ಸಂತಾಪ ಹೇಳಿದ್ರ ಬಗ್ಗಿ ತಗೊಂಡ್ರಿ. ಸಂಜಿಗೆ ಎಲ್ಲಾರಿಗೂ ಸುದ್ದಿ ಬಂದಾಗ ಸ್ನಾನ ಬ್ಯಾಡ ಅಂದ್ರಿ. ನಿಮಗದು ಹೊಸಾ ಸುದ್ದಿ ಆಗಿರಲಿಲ್ಲ.”

“ನಿಮ್ಮಲ್ಲಿ ಸೂತಕ ಇಲ್ಲ. ನಿಮಗೆ ಇದೆಲ್ಲ ಹೇಗೆ ಗೊತ್ತಾಗುತ್ತೆ?”

“ಗೊತ್ತಿಲ್ಲ ಅಂತನ ಕೇಳಾಕತ್ತೀನಿ. ಸೂತಕ ಯಾವಾಗ ಹಿಡೀತೈತ್ರಿ? ಸತ್ತಾಗೋ, ಕೇಳಿದಾಗೋ?”

“ಕೇಳಿದಾಗ,” ಎಂದ. ಎಷ್ಟೋ ಸಲ ಯಾರಿಗೋ ಹೇಳಿ ರೂಢಿಯಾದ ಉತ್ತರ ಅದು, ತಡೆಯುವಷ್ಟರಲ್ಲಿ ಬಾಯಿಂದ ಬಂದಿತ್ತು. ಕೈಯಲ್ಲಿದ್ದ ಕಡ್ಡಿ ಬಿಸಾಡಿದ.

“ಎಲ್ಲರಿಗೂ ಸುಳ್ಳು ಹೇಳಿದೀನಿ ಮೇಡಂ. ಪೊಲೀಸರಿಗೆ, ಹೆಂಡತಿಗೆ, ಆ ಮಹಾಶ್ವೇತಾ ಅವರಿಗೆ. ದೇವರ ಮುಂದೆ ಮಾತ್ರ ಆಗ್ಲಿಲ್ಲ. ಅಣ್ಣ ಹೋಗಿದಾನೆ ಅಂತ ಗೊತ್ತಿದ್ದೂ ಒಳಗೆ ಹೋಗಿ ಚಪ್ಪಾಳೆ ಹೊಡೀಲಾ? ಒಂದು ವರ್ಷ ಮಾತು ಬಿಟ್ಟಿದ್ವಿ. ಸಂಬಂಧ ಬಿಟ್ಟಿರಲಿಲ್ಲ.”

ಅವನ ದುಃಖ ನಿಜವಾದದ್ದು ಎಂದು ನನಗನ್ನಿಸಿತು. ಅದರಿಂದ ನನಗೆ ಸಂಕಟವೇ ಆಯಿತು. ಅವನು ಕೊಲೆಗಾರನಾಗಿದ್ದರೆ ಮುಂದಿನ ಪ್ರಶ್ನೆ ಸುಲಭವಿತ್ತು.

“ಫೋನ್ ಮಾಡಿದ್ದು ಯಾರು?”

ಅವನು ಮೇಲೆ ಮೂರನೇ ಮಹಡಿಯ ಬಾಲ್ಕನಿಯತ್ತ ನೋಡಿದ.

“ಅನು.”

“ಅನನ್ಯಾ? ಮೆಲ್ಬರ್ನ್‌ನಿಂದ?”

“ಇಲ್ಲಿಂದ. ಯೂನಿ ಬಿಡ್ತೀನಿ ಅಂತ ಹೇಳೋಕೆ ಬಂದಿದ್ಲು. ಅಣ್ಣ ಬೈದ. ಇವಳು ಬ್ಯಾಗ್ ತಗೊಂಡು ಹೊರಟ್ಲು, ಲಿಫ್ಟ್ ಬರೋವರೆಗೂ ಕಾಯೋ ತಾಳ್ಮೆ ಇಲ್ಲ, ಫೈರ್ ಎಕ್ಸಿಟ್‌ನಲ್ಲಿ ಇಳಿದ್ಲು. ಅಣ್ಣ ಹಿಂದೇನೇ ಹೋಗಿ ಬ್ಯಾಗ್ ಹಿಡ್ಕೊಂಡ. ಇವಳು ಎಳೆದ್ಲು. ಅವನು ಉರುಳಿದ. ಅಷ್ಟೇ ಆಗಿದ್ದು. ‘ಅಪ್ಪ ಹೋಗ್ಬಿಟ್ರು ಚಿಕ್ಕಪ್ಪ’ ಅಂದ್ಲು.”

ಪಕ್ಕದ ಮನೆಯವರು ಕೇಳಿದ ಹೆಂಗಸಿನ ದನಿ ಮಗಳದು. ನನ್ನ ಆಫೀಸಿನಲ್ಲಿ ಕೂತು, ಆ ದಿನ ಲೈಬ್ರರಿಯಲ್ಲಿದ್ದೆ ಎಂದು ಹೇಳಿದ್ದವಳು.

“ಆಂಬುಲೆನ್ಸ್ ಕರಿ ಅಂತ ಯಾಕ ಹೇಳಲಿಲ್ಲ?”

“ಹೋದೋನಿಗೆ ಆಂಬುಲೆನ್ಸ್ ಯಾಕೆ? ಬದುಕಿರೋಳನ್ನ ನೋಡ್ಬೇಕಲ್ವಾ? ಮೆಲ್ಬರ್ನ್‌ನಲ್ಲಿ ಅವಳಿಗೆ ಅಪ್ಪ ಅಮ್ಮ ಎಲ್ಲ ನಾವೇ. ‘ನೀನು ಇಲ್ಲಿಗೆ ಬಂದೇ ಇಲ್ಲ, ಸಿಕ್ಕಿದ ಬಸ್ ಹತ್ತಿ ಹೊರಡು’ ಅಂತ ನಾನೇ ಹೇಳ್ದೆ. ಅತ್ತಿಗೆಗೂ ಗೊತ್ತು. ಮಗಳ ಹೆಸರು ಬರಬಾರದು ಅಂತ ಎಲ್ಲ ತಮ್ಮ ತಲೆ ಮೇಲೆ ಹಾಕ್ಕೊಂಡು ಕೂತಿದಾರೆ.”

ನನಗೆ ಬೇಕಾದದ್ದು ಸಿಕ್ಕಿತ್ತು. ಅರುಂಧತಿ ಗಂಡನನ್ನು ದೂಡಲಿಲ್ಲ. ಇದನ್ನು ನಾಳೆ ವಿರುಪಾಕ್ಷರ ಕೈಗಿಟ್ಟರೆ ತಾಯಿ ಉಳಿಯುತ್ತಾರೆ, ಮಗಳು ಸಿಕ್ಕಿಬೀಳುತ್ತಾಳೆ. ತಾಯಿಯನ್ನು ಉಳಿಸಿ ಎಂದು ಕೇಳಿದವಳೂ ಆ ಮಗಳೇ. ಆದರೆ ಹೇಳಬೇಕಾದ ಮಾತೊಂದು ಇನ್ನೂ ಉಳಿದಿತ್ತು. ಅದನ್ನು ಹೇಳಲು ನನಗೆ ಇಷ್ಟವಿರಲಿಲ್ಲ.

“ಅಭಿನಂದನ್, ಕೂತ್ಕೋರಿ.”

“ಯಾಕೆ?”

“ನೀವು ಸ್ನಾನ ಮಾಡಿದಾಗ ನಿಮ್ಮಣ್ಣ ಬದುಕಿದ್ರು. ನೀವು ಟೋರಿ ಹೊರಗ ನಿಂತಾಗಲೂ ಬದುಕಿದ್ರು. ಮಧ್ಯಾಹ್ನದ ತನಕ ಉಸಿರಿತ್ತು. ಆಂಬುಲೆನ್ಸ್ ಬಂದಿದ್ರ ಉಳೀತಿದ್ರು ಅಂತ ಡಾಕ್ಟರು ಹೇಳ್ಯಾರ.”

ಅವನು ಅಲ್ಲೇ ಹುಲ್ಲಿನ ಮೇಲೆ ಕೂತ.

“ಬದುಕಿದ್ದೋನಿಗೆ ಸೂತಕ ಹಿಡಿದ್ನಾ ನಾನು?” ಎಂದ. ಮತ್ತೆ ಅದನ್ನೇ ಕೇಳಿದ. ಐಬಿಸ್ ಎಲೆಯ ಹತ್ತಿರ ಬಂದು ಕೊಕ್ಕು ಹಾಕಿತು. ಅದನ್ನು ಓಡಿಸುವವರು ಯಾರೂ ಇರಲಿಲ್ಲ.

“ನೋ,” ಎಂಬ ದನಿ ಹಿಂದಿನಿಂದ ಬಂತು.

ಅನನ್ಯಾ ನಿಂತಿದ್ದಳು. ಊಟಕ್ಕೆ ಕರೆಯಲು ಬಂದವಳು. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದಳೋ ಗೊತ್ತಿಲ್ಲ.

“ದಟ್ಸ್ ನಾಟ್ ಟ್ರೂ, ಆಂಟಿ. ಹೀ ವಾಸ್ ಗಾನ್.”

“ನೀ ಮುಟ್ಟಿ ನೋಡಿದೇನವಾ?”

ಅವಳು ಇಲ್ಲವೆಂದು ತಲೆಯಾಡಿಸಿದಳು.

“ಐ ಕುಡ್ನ್ಟ್ ಗೋ ಡೌನ್. ಮೇಲೇ ನಿಂತಿದ್ದೆ. ಅಮ್ಮ ಓಡಿ ಬಂದ್ರು. ಅಮ್ಮನೇ ಕೆಳಗೆ ಇಳಿದ್ರು. ಕತ್ತಿನ ಹತ್ರ ಬೆರಳಿಟ್ಟು ನೋಡಿದ್ರು. ಫಾರ್ ಎ ಲಾಂಗ್ ಟೈಮ್.” ಅವಳ ದನಿ ಸಣ್ಣದಾಯಿತು. “ಆಮೇಲೆ ನನ್ನ ನೋಡಿ, ‘ಅಪ್ಪ ಹೋದ್ರು ಪುಟ್ಟಾ, ಚಿಕ್ಕಪ್ಪಂಗೆ ಫೋನ್ ಮಾಡು’ ಅಂದ್ರು.”

ಅಭಿನಂದನ್ ತಲೆ ಎತ್ತಿದ. ಅರುಂಧತಿ ತುರ್ತು ವಿಭಾಗದಲ್ಲಿ ದಿನವಿಡೀ ನಾಡಿ ಹಿಡಿದು ನೋಡುವವರು. ಉಸಿರಿದೆಯೋ ಇಲ್ಲವೋ ಎಂಬುದರಲ್ಲಿ ಅವರ ಬೆರಳು ತಪ್ಪುವುದಿಲ್ಲ ಎಂದು ನಮ್ಮ ಮೂವರಿಗೂ ಒಟ್ಟಿಗೇ ತಿಳಿಯಿತು.

ಮೂರನೇ ಮಹಡಿಯ ಬಾಲ್ಕನಿಯಲ್ಲಿ ಅರುಂಧತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತರು.

“ಅನು, ಶೀತಲ ಅವರನ್ನೂ ಕರ್ಕೊಂಡು ಬಾ,” ಎಂದು ಕೂಗಿದರು. “ಎಲೆ ಹಾಕಿದೀನಿ.”